ಕಾಲು ನೆಲಕ್ಕೆ ತಾಗಿದರೆ ಬೂದಿ: ಐರ್ಲೆಂಡಿನ ಕಡಲ ಕಥೆಗಳನ್ನು ಮಗುವಿಗೆ ಹೇಗೆ ಹೇಳುವುದು?

ಪ್ರಶ್ನೆ: ನಾವು ಹೊಸಪೇಟೆಯವರು. ಐದು ವರ್ಷದಿಂದ ಐರ್ಲೆಂಡಿನ ಗಾಲ್ವೇಯಲ್ಲಿದ್ದೇವೆ. ಎಂಟು ವರ್ಷದ ಮಗಳು ಕಳೆದ ತಿಂಗಳು ಶಾಲೆಯಲ್ಲಿ ಒಶೀನ್ ಎಂಬ ವೀರನ ಕಥೆ ಕೇಳಿ ಬಂದಳು. ಅವನು ಕಡಲಾಚೆಯ ‘ತೀರ್ ನ ನೋಗ್’ ಎಂಬ ಮುಪ್ಪಿಲ್ಲದ ನಾಡಿಗೆ ಹೋಗುತ್ತಾನೆ. 3 ವರ್ಷ ಆಯಿತು ಅಂದುಕೊಂಡು ಮರಳಿದರೆ ಊರಿನಲ್ಲಿ 300 ವರ್ಷ ಕಳೆದಿರುತ್ತದೆ. ಕುದುರೆಯಿಂದ ನೆಲಕ್ಕೆ ಬಿದ್ದೊಡನೆ ಹಣ್ಣು ಮುದುಕನಾಗುತ್ತಾನೆ. ಅಂದಿನಿಂದ ಮಗಳು ರಾತ್ರಿ ಮಲಗುವಾಗ ಒಂದೇ ಮಾತು ಕೇಳುತ್ತಾಳೆ: “ನಾವು ಊರಿಗೆ ಹೋದಾಗ ಅಜ್ಜಿ ಇರ್ತಾರಲ್ವಾ? ನನ್ನ ಗುರುತು ಹಿಡೀತಾರಲ್ವಾ?” ಕಥೆಯ ಕೊನೆ ಬದಲಾಯಿಸಿ ಹೇಳಿಬಿಡಲೇ ಎಂದು ನನಗೆ ಅನಿಸುತ್ತಿದೆ. ಇದರ ಜೊತೆಗೆ ಮನೆಯಲ್ಲಿ ಬೇರೆ ವಾದಗಳೂ ಎದ್ದಿವೆ. ಇವು ಮೂರು ಸಾವಿರ ವರ್ಷ ಹಳೆಯ ಡ್ರೂಯಿಡ್ ಪುರೋಹಿತರ ಕಥೆಗಳು ಅನ್ನುತ್ತಾರೆ ಯಜಮಾನರು. ಊರಿನ ವಾಟ್ಸಾಪ್ ಗುಂಪಿನಲ್ಲಿ, ಇದೆಲ್ಲ ನಮ್ಮ ಭಾಗವತದ ರೇವತಿಯ ಕಥೆಯ ನಕಲು ಅಂತ ಬಂತು. ಸಂತ ಬ್ರೆಂಡನ್ ಕೊಲಂಬಸ್‌ಗಿಂತ ಮೊದಲೇ ಅಮೆರಿಕ ಮುಟ್ಟಿದ್ದ ಅಂತ ಮಗಳು ತರಗತಿಯಲ್ಲಿ ಹೇಳಬೇಕೆಂದಿದ್ದಾಳೆ. ಇದರಲ್ಲಿ ಯಾವುದು ನಿಜ?

ಉತ್ತರ:

ನೀವು ಕೇಳಿರುವ ಪ್ರಶ್ನೆಗಳಲ್ಲಿ ಮೂರಕ್ಕೆ ಉತ್ತರ ಪುಸ್ತಕಗಳಲ್ಲಿದೆ, ಸಲೀಸಾಗಿ ಹೇಳಬಹುದು. ನಾಲ್ಕನೆಯದು ನಿಮ್ಮ ಮಗಳದ್ದು. ಮಧ್ಯಯುಗದ ಯುರೋಪಿನ ಸಾಹಿತ್ಯವನ್ನು ಮೂವತ್ತು ವರ್ಷ ಪಾಠ ಮಾಡಿದವನಾಗಿ ಹೇಳುತ್ತೇನೆ: ಈ ಕಥೆಗಳ ಬಗ್ಗೆ ಪರೀಕ್ಷೆಯಲ್ಲಿ ಹತ್ತು ಹತ್ತು ಪುಟ ಬರೆದ ಎಂ.ಎ. ವಿದ್ಯಾರ್ಥಿಗಳಿಗೂ ಆ ಪ್ರಶ್ನೆ ಹೊಳೆದದ್ದು ಅಪರೂಪ. ಅವರೆಲ್ಲ ದ್ವೀಪಗಳ ಬಗ್ಗೆ ಬರೆಯುತ್ತಿದ್ದರು. ಕಥೆಯ ಗಂಟು ಇರುವುದು ಮರಳಿ ಬರುವ ದಡದಲ್ಲಿ. ನಿಮ್ಮ ಮಗು ನೇರವಾಗಿ ಅಲ್ಲಿಗೇ ಹೋಗಿ ನಿಂತಿದೆ.

ಅವಳು ಹೆದರಿರುವ ಕಥೆಗಿಂತ ಹಳೆಯದಾದ ಒಂದನ್ನು ಮೊದಲು ಹೇಳಿಬಿಡುತ್ತೇನೆ. ಉಳಿದ ಮಾತೆಲ್ಲ ಅದರ ಮೇಲೆ ನಿಂತಿದೆ.

ಫೆವಲನ ಮಗ ಬ್ರನ್ ತನ್ನ ಕೋಟೆಯ ಹತ್ತಿರ ಒಬ್ಬನೇ ಅಡ್ಡಾಡುತ್ತಿದ್ದಾಗ ಬೆನ್ನ ಹಿಂದೆ ಸಂಗೀತ ಕೇಳುತ್ತದೆ. ತಿರುಗಿ ನೋಡಿದರೆ ಮತ್ತೆ ಬೆನ್ನ ಹಿಂದೆಯೇ. ಕೇಳುತ್ತ ಕೇಳುತ್ತ ನಿದ್ದೆ ಹೋಗುತ್ತಾನೆ. ಎದ್ದಾಗ ಪಕ್ಕದಲ್ಲಿ ಬಿಳಿ ಹೂ ಬಿಟ್ಟ ಒಂದು ಬೆಳ್ಳಿಯ ಕೊಂಬೆ. ಅದನ್ನು ಅರಮನೆಗೆ ತಂದರೆ, ಬಾಗಿಲು ಹಾಕಿದ್ದ ಸಭೆಯ ನಡುವೆ ಯಾವುದೋ ನಾಡಿನ ಉಡುಗೆಯ ಹೆಣ್ಣೊಬ್ಬಳು ನಿಂತಿದ್ದಾಳೆ. ದುಃಖವಿಲ್ಲದ, ಕಾಯಿಲೆಯಿಲ್ಲದ, ಸಾವಿಲ್ಲದ ಕಡಲ ನಾಡಿನ ಬಗ್ಗೆ ಹಾಡುತ್ತಾಳೆ. ಹಾಡು ಮುಗಿದಾಗ ಕೊಂಬೆ ಬ್ರನ್‌ನ ಕೈಯಿಂದ ತಾನಾಗಿ ಜಿಗಿದು ಅವಳ ಕೈ ಸೇರುತ್ತದೆ. ಹಿಡಿದುಕೊಳ್ಳುವ ಶಕ್ತಿ ಅವನ ಕೈಗಿಲ್ಲ. ಮರುದಿನವೇ ಅವನು ಒಂಬತ್ತು ಒಂಬತ್ತು ಜನರ ಮೂರು ತಂಡ ಕಟ್ಟಿಕೊಂಡು ಹೊರಡುತ್ತಾನೆ.

ಎರಡು ಹಗಲು ಎರಡು ರಾತ್ರಿ ಹುಟ್ಟು ಹಾಕಿದ ಮೇಲೆ, ಕಡಲ ಮೇಲೆ ರಥದಲ್ಲಿ ಬರುವವನೊಬ್ಬ ಎದುರಾಗುತ್ತಾನೆ. ಅವನು ಲಿರ್‌ನ ಮಗ ಮನನ್ನಾನ್, ಸಮುದ್ರದ ಒಡೆಯ. ಅವನ ಮಾತು ಕೇಳಿ: ನಿನಗೆ ಇದು ತಿಳಿನೀರ ಕಡಲು, ನನಗೆ ಹೂ ತುಂಬಿದ ಬಯಲು. ನೀನು ನೋಡುತ್ತಿರುವ ಅಲೆಗಳು ನನಗೆ ಹೂಗಿಡಗಳು. ನಿನ್ನ ದೋಣಿಯ ಕೆಳಗೆ ಈಜುವ ಮಚ್ಚೆಯ ಮೀನುಗಳು ನಮ್ಮ ಕರುಗಳು, ಕುರಿಮರಿಗಳು. ನಿನ್ನ ದೋಣಿ ಈಗ ತೇಲುತ್ತಿರುವುದು ಒಂದು ತೋಪಿನ ಮರಗಳ ತುದಿಯ ಮೇಲೆ, ಅದು ನಿನಗೆ ಕಾಣಿಸುತ್ತಿಲ್ಲ ಅಷ್ಟೆ. ಇಷ್ಟು ವರ್ಷ ಪಾಠ ಮಾಡಿಯೂ ಈ ಭಾಗಕ್ಕೆ ಬಂದಾಗ ನನ್ನ ದನಿ ತಾನಾಗಿ ತಗ್ಗುತ್ತಿತ್ತು. ಇಬ್ಬರು ಒಂದೇ ಜಾಗದಲ್ಲಿದ್ದಾರೆ, ಒಬ್ಬನು ನೀರಿನ ಮೇಲೆ, ಇನ್ನೊಬ್ಬನು ನೆಲದ ಮೇಲೆ. ‘ಆಚೆಯ ಲೋಕ’ ಎಂದರೆ ದೂರದಲ್ಲೆಲ್ಲೋ ಇರುವ ಊರೆಂದು ನಾವು ತಿಳಿಯುತ್ತೇವೆ. ಹಳೆಯ ಐರಿಷ್ ಕಥೆಗಾರನಿಗೆ ಅದು ಇಲ್ಲೇ, ಬೇರೆ ಕಣ್ಣಿಗೆ ಕಾಣುವಂಥದ್ದು.

ಮುಂದೆ ನಗುವಿನ ದ್ವೀಪ. ಇಳಿಸಿದ ಸಂಗಾತಿ ಅಲ್ಲಿನವರಂತೆಯೇ ನಗುತ್ತ ನಿಂತುಬಿಡುತ್ತಾನೆ, ಕೂಗಿದರೂ ಓಗೊಡುವುದಿಲ್ಲ. ಆಮೇಲೆ ಹೆಂಗಸರ ನಾಡು. ಇಳಿಯಲು ಬ್ರನ್ ಅಳುಕುತ್ತಾನೆ. ಅಲ್ಲಿನ ಒಡತಿ ದಡದಿಂದ ನೂಲಿನ ಉಂಡೆ ಎಸೆಯುತ್ತಾಳೆ, ಅದು ಅವನ ಅಂಗೈಗೆ ಅಂಟಿಕೊಳ್ಳುತ್ತದೆ, ಎಳೆದುಕೊಳ್ಳುತ್ತಾಳೆ. ಅಲ್ಲಿ ಎಷ್ಟು ಉಂಡರೂ ತಟ್ಟೆ ಬರಿದಾಗುವುದಿಲ್ಲ. ಒಂದು ವರ್ಷ ಕಳೆದಂತೆ ಅವರಿಗೆ ಅನಿಸುತ್ತದೆ. ನೆಖ್ತನ್ ಎಂಬ ಸಂಗಾತಿಗೆ ಊರ ನೆನಪು ಹತ್ತಿಕೊಳ್ಳುತ್ತದೆ. ಹೋಗಿ, ಆದರೆ ಯಾರೂ ನೆಲಕ್ಕೆ ಕಾಲಿಡಬೇಡಿ ಎಂದು ಒಡತಿ ಎಚ್ಚರಿಸಿ ಕಳಿಸುತ್ತಾಳೆ.

ಐರ್ಲೆಂಡಿನ ದಡದಲ್ಲಿ ಜನ ಸೇರಿದ್ದಾರೆ. ಯಾರು ನೀವು ಎಂದು ಕೇಳುತ್ತಾರೆ. ನಾನು ಫೆವಲನ ಮಗ ಬ್ರನ್. ಅಂಥವರು ಯಾರೂ ನಮಗೆ ಗೊತ್ತಿಲ್ಲ, ಆದರೆ ಬ್ರನ್‌ನ ಕಡಲಯಾನ ಅಂತ ನಮ್ಮ ಹಳೆಯ ಕಥೆಗಳಲ್ಲಿ ಒಂದಿದೆ, ಎನ್ನುತ್ತಾರೆ ಅವರು. ತನ್ನ ಊರಿನಲ್ಲಿ ಅವನು ಉಳಿದಿರುವುದು ಅಜ್ಜಿಕಥೆಯಾಗಿ ಮಾತ್ರ! ನೆಖ್ತನ್ ತಡೆಯಲಾರದೆ ದೋಣಿಯಿಂದ ಹಾರುತ್ತಾನೆ. ನೆಲ ತಾಗಿದ್ದೇ ತಡ, ನೂರಾರು ವರ್ಷ ಮಣ್ಣಿನಲ್ಲಿದ್ದವನಂತೆ ಬೂದಿಯ ಗುಡ್ಡೆಯಾಗುತ್ತಾನೆ. ಬ್ರನ್ ದೋಣಿಯಲ್ಲಿ ನಿಂತೇ ತನ್ನ ಕಥೆಯೆಲ್ಲ ಹೇಳಿ, ಓಗಮ್ ಲಿಪಿಯಲ್ಲಿ ತನ್ನ ಪದ್ಯಗಳನ್ನು ಬರೆದುಕೊಟ್ಟು, ದೋಣಿ ತಿರುಗಿಸುತ್ತಾನೆ. ಆಮೇಲೆ ಅವನೆಲ್ಲಿ ಹೋದ ಎಂಬುದು ಯಾರಿಗೂ ತಿಳಿಯದು.

ಇನ್ನು ಯಜಮಾನರ ವಾದಕ್ಕೆ ಬರೋಣ. ಮೂರು ಸಾವಿರ ವರ್ಷ ಎಂಬುದಕ್ಕೆ ಆಧಾರವಿಲ್ಲ. ಬ್ರನ್‌ನ ಕಥೆಯ ಭಾಷೆ ನೋಡಿ ವಿದ್ವಾಂಸರು ಅದನ್ನು 7ನೇ ಶತಮಾನದ ಕೊನೆ ಅಥವಾ 8ನೇ ಶತಮಾನದ ಆರಂಭಕ್ಕೆ ಇಡುತ್ತಾರೆ. ಆ ಹೊತ್ತಿಗೆ ಐರ್ಲೆಂಡ್ ಕ್ರೈಸ್ತವಾಗಿ ಎರಡು ಶತಮಾನದ ಮೇಲಾಗಿತ್ತು. ಬರೆದಿಟ್ಟವರು ಡ್ರೂಯಿಡರಲ್ಲ, ಮಠದ ಸನ್ಯಾಸಿಗಳು. ಕಥೆಯ ಒಂದು ತುಣುಕು 1100ರ ಆಸುಪಾಸಿನಲ್ಲಿ ಬರೆದ ‘ಕಂದು ಹಸುವಿನ ಪುಸ್ತಕ’ ಎಂಬ ತೊಗಲಿನ ಹಸ್ತಪ್ರತಿಯಲ್ಲಿ ಉಳಿದಿದೆ. ಆ ಪ್ರತಿ ಈಗ ಡಬ್ಲಿನ್‌ನ ರಾಯಲ್ ಐರಿಷ್ ಅಕಾಡೆಮಿಯಲ್ಲಿದೆ. ಆ ಕಡಲ ಹೆಣ್ಣು, ಸಮುದ್ರದ ಒಡೆಯ ಮನನ್ನಾನ್, ಇಬ್ಬರೂ ತಮ್ಮ ಹಾಡಿನ ನಡುವೆ ಕ್ರಿಸ್ತನ ಬರವನ್ನೇ ಮುಂದಾಗಿ ಹೇಳುತ್ತಾರೆ. ಹಾಗೆಂದು ಎಲ್ಲವೂ ಸನ್ಯಾಸಿಗಳ ಕಲ್ಪನೆ ಎಂದೂ ಹೇಳಲಾಗದು. ಮನನ್ನಾನ್ ಹಳೆಯ ದೇವತೆಯೇ. ಹಳೆಯ ನಂಬಿಕೆ ಎಷ್ಟು, ಮಠದ ಓದು ಎಷ್ಟು ಎಂಬ ಜಗಳ ವಿದ್ವಾಂಸರಲ್ಲಿ ನೂರು ವರ್ಷದಿಂದ ನಡೆದಿದೆ. ಹಾಲಿಗೆ ನೀರು ಬೆರೆತ ಮೇಲೆ ಬೇರ್ಪಡಿಸಲು ಹಂಸವೇ ಬೇಕು, ನಮ್ಮಲ್ಲಿ ಹಂಸಗಳಿಲ್ಲ.

ನಿಮ್ಮ ಮಗಳು ಕೇಳಿದ ಒಶೀನನ ಕಥೆಯ ಸಂಗತಿ ಇನ್ನೂ ಸ್ವಾರಸ್ಯದ್ದು. ಒಶೀನ್ ಎಂಬ ವೀರ ಬಹಳ ಹಳಬ. ಅವನ ಕಾಲದವರು, ಐರ್ಲೆಂಡಿನಲ್ಲಿ ಕ್ರೈಸ್ತ ಧರ್ಮ ಹರಡಿದ ಸಂತ ಪ್ಯಾಟ್ರಿಕ್‌ನ ಕಾಲದವರೆಗೂ ಬದುಕಿ ಉಳಿದು ಅವನೊಡನೆ ಮಾತಾಡುವ ಪ್ರಸಂಗ 1200ರ ಹೊತ್ತಿನ ಕೃತಿಯಲ್ಲೇ ಇದೆ. ಆದರೆ ನೀವ್ ಎಂಬ ಸುಂದರಿ, ಬಿಳಿ ಕುದುರೆ, ಮುಪ್ಪಿಲ್ಲದ ನಾಡು, ಕಲ್ಲೆತ್ತಲು ಬಾಗಿದಾಗ ಜೀನಿನ ಪಟ್ಟಿ ಹರಿದು ಬೀಳುವುದು, ಈಗ ಶಾಲೆಯಲ್ಲಿ ಹೇಳುವ ಈ ರೂಪ ಜನಪ್ರಿಯವಾದದ್ದು 1750ರ ಸುಮಾರಿಗೆ ಮಿಹಾಲ್ ಕೋಮೀನ್ ಎಂಬ ಕ್ಲೇರ್ ಸೀಮೆಯ ಕವಿ ಬರೆದ ಐರಿಷ್ ಕಾವ್ಯದಿಂದ. ಅಂದರೆ ನಿಮ್ಮ ಪಕ್ಕದ ಜಿಲ್ಲೆಯವನು, ಹೈದರಾಲಿಯ ಕಾಲದವನು! ಇದನ್ನು ಯಜಮಾನರಿಗೆ ಮೆಲ್ಲಗೆ ಹೇಳಿ.

ಹಾಗಾದರೆ ಸನ್ಯಾಸಿಗಳು ಇಂಥ ಕಥೆಗಳನ್ನು ಯಾಕೆ ಬರೆದರು? ಇಲ್ಲಿ ಕಲ್ಪನೆಯ ಕೆಳಗೆ ಗಟ್ಟಿ ನೆಲವಿದೆ. ಈ ಜಾತಿಯ ಕಥೆಗೆ ಐರಿಷ್‌ನಲ್ಲಿ ‘ಇಮ್ರಮ್’ ಎಂದು ಹೆಸರು. ಹುಟ್ಟು ಹಾಕುತ್ತ ಸುತ್ತಿ ಬರುವುದು ಎಂದು ಅರ್ಥ. ಆ ಕಾಲದ ಐರಿಷ್ ಸನ್ಯಾಸಿಗಳು ನಿಜವಾಗಿಯೂ ಹಾಗೆ ಸುತ್ತುತ್ತಿದ್ದರು. ಈಜಿಪ್ಟಿನ ತಪಸ್ವಿಗಳಿಗೆ ಮರುಭೂಮಿಯಿತ್ತು. ಐರ್ಲೆಂಡಿನವರಿಗೆ ಇದ್ದದ್ದು ಕಡಲು, ಅದನ್ನೇ ಮರುಭೂಮಿ ಮಾಡಿಕೊಂಡರು. ಊರು, ಕುಲ, ರಕ್ಷಣೆ ಎಲ್ಲ ಬಿಟ್ಟು ಹೋಗುವುದೇ ದೊಡ್ಡ ತಪಸ್ಸು ಎಂಬ ನಂಬಿಕೆ. 891ರಲ್ಲಿ ನಡೆದದ್ದು ಇಂಗ್ಲೆಂಡಿನ ಆಂಗ್ಲೋ ಸ್ಯಾಕ್ಸನ್ ವೃತ್ತಾಂತದಲ್ಲಿ ದಾಖಲಾಗಿದೆ: ಮೂವರು ಐರಿಷರು ಆಲ್ಫ್ರೆಡ್ ದೊರೆಯ ಬಳಿ ಬಂದರು. ಎರಡೂವರೆ ತೊಗಲಿನಿಂದ ಮಾಡಿದ ದೋಣಿ, ಹುಟ್ಟುಗಳಿಲ್ಲ, ಏಳು ದಿನದ ಬುತ್ತಿ. ದೇವರ ಪ್ರೀತಿಗಾಗಿ ಪರದೇಶಿಗಳಾಗಬೇಕು, ಎಲ್ಲಿಗಾದರೂ ಸರಿ ಎಂದು ಹೊರಟವರು, ಏಳು ದಿನದ ಮೇಲೆ ಕಾರ್ನ್‌ವಾಲ್ ದಡಕ್ಕೆ ಬಂದು ಬಿದ್ದರು. ಇದು ಕಥೆಯಲ್ಲ, ಸುದ್ದಿ.

ಕಡಲಿಗೆ ಬಿಡುವುದು ಶಿಕ್ಷೆಯೂ ಆಗಿತ್ತು. ಕೊಲ್ಲುವುದೂ ಬೇಡ, ಬಿಡುವುದೂ ಬೇಡ ಎಂಬಂಥ ತಪ್ಪಿತಸ್ಥರನ್ನು ದೋಣಿಯಲ್ಲಿ ಕೂರಿಸಿ ಗಾಳಿಗೆ ಬಿಡುವುದು, ತೀರ್ಪು ದೇವರಿಗೆ ಬಿಡುವುದು. ಸಂತ ಪ್ಯಾಟ್ರಿಕ್‌ನ 7ನೇ ಶತಮಾನದ ಚರಿತ್ರೆಯಲ್ಲಿ ಒಬ್ಬ ದರೋಡೆಕೋರನನ್ನು ಕಾಲಿಗೆ ಕೋಳ ಹಾಕಿ, ಬೀಗದ ಕೈ ನೀರಿಗೆಸೆದು, ಒಂದೇ ತೊಗಲಿನ ದೋಣಿಯಲ್ಲಿ ಕಳಿಸುತ್ತಾರೆ. ಅವನು ಮ್ಯಾನ್ ದ್ವೀಪ ಸೇರಿ, ಕೊನೆಗೆ ಅಲ್ಲಿನ ಬಿಷಪ್ ಆಗುತ್ತಾನೆ. ಹೀಗಾಗಿ ದೋಣಿಯಲ್ಲಿ ದಿಕ್ಕಿಲ್ಲದೆ ಹೋಗುವ ಕಥೆ ಕೇಳುತ್ತಿದ್ದ ಅಂದಿನ ಜನಕ್ಕೆ ಅದು ಬರೀ ಮಾಯಾಲೋಕದ ಸಂಗತಿ ಆಗಿರಲಿಲ್ಲ. ಹಾಗೆ ಹೋದವರು, ಮರಳದವರು ಅವರ ನಡುವೆ ಇದ್ದರು.

ಬ್ರೆಂಡನ್ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಬ್ರೆಂಡನ್ 6ನೇ ಶತಮಾನದ ನಿಜವಾದ ಮನುಷ್ಯ. ನಿಮ್ಮ ಗಾಲ್ವೇ ಸೀಮೆಯಲ್ಲೇ ಇರುವ ಕ್ಲಾನ್‌ಫರ್ಟ್ ಮಠ ಅವನು ಕಟ್ಟಿದ್ದು. ಅವನ ಕಡಲಯಾನದ ಲ್ಯಾಟಿನ್ ಕಥೆ ಅವನು ತೀರಿಕೊಂಡು ಎರಡು ಶತಮಾನಗಳಾದ ಮೇಲೆ ಹುಟ್ಟಿದ್ದು. ಅದರ ನೂರಕ್ಕೂ ಹೆಚ್ಚು ಹಸ್ತಪ್ರತಿಗಳು ಯುರೋಪಿನಾದ್ಯಂತ ಉಳಿದಿವೆ, ಅಂದರೆ ಆ ಕಾಲದ ಜನ ಮುಗಿಬಿದ್ದು ಓದಿದ ಪುಸ್ತಕ. ಏಳು ವರ್ಷದ ಯಾನ. ಪ್ರತಿ ವರ್ಷ ಈಸ್ಟರ್ ಹಬ್ಬಕ್ಕೆ ಅದೇ ತಿಮಿಂಗಿಲದ ಬೆನ್ನ ಮೇಲೆ ಪೂಜೆ. ಮೊದಲ ಸಲ ಅದನ್ನು ದ್ವೀಪವೆಂದೇ ತಿಳಿದು ಒಲೆ ಹಚ್ಚಿದಾಗ ದ್ವೀಪ ಅಲುಗಾಡುತ್ತದೆ! ಕುರಿಗಳ ದ್ವೀಪ, ಹಕ್ಕಿಗಳ ದ್ವೀಪ, ಕಡಲ ನಡುವೆ ಎದ್ದ ಸ್ಫಟಿಕದ ಕಂಬ, ಉರಿಯುವ ಕಿಟ್ಟದ ಉಂಡೆಗಳನ್ನು ಎಸೆಯುವ ಕಮ್ಮಾರರ ದ್ವೀಪ.

ಇವುಗಳಲ್ಲಿ ಕೆಲವಕ್ಕೆ ಕಂಡ ಸಂಗತಿಯ ವಾಸನೆ ಇದೆ. ಸ್ಫಟಿಕದ ಕಂಬವನ್ನು ನೀರ್ಗಲ್ಲ ಗುಡ್ಡವೆಂದೂ ಕಮ್ಮಾರರ ದ್ವೀಪವನ್ನು ಐಸ್‌ಲೆಂಡಿನ ಜ್ವಾಲಾಮುಖಿಯೆಂದೂ ಓದುವವರಿದ್ದಾರೆ, ಅದು ಹುರುಳಿಲ್ಲದ ಮಾತಲ್ಲ. ಯಾಕೆಂದರೆ ಐರಿಷ್ ಸನ್ಯಾಸಿಗಳು ಅಷ್ಟು ದೂರ ಹೋಗಿದ್ದರು. 825ರಲ್ಲಿ ಡಿಕುಯಿಲ್ ಎಂಬ ಐರಿಷ್ ವಿದ್ವಾಂಸ ಬರೆದ ಭೂಗೋಳದಲ್ಲಿ, ಮೂವತ್ತು ವರ್ಷದ ಹಿಂದೆ ಥೂಲೆ ದ್ವೀಪದಲ್ಲಿ ಫೆಬ್ರವರಿಯಿಂದ ಆಗಸ್ಟ್‌ವರೆಗೆ ಇದ್ದು ಬಂದ ಸನ್ಯಾಸಿಗಳು ತನಗೆ ಹೇಳಿದ್ದನ್ನು ದಾಖಲಿಸಿದ್ದಾನೆ: ಬೇಸಿಗೆಯಲ್ಲಿ ನಡುರಾತ್ರಿಯಲ್ಲೂ ಅಂಗಿಯ ಹೇನು ಹೆಕ್ಕುವಷ್ಟು ಬೆಳಕಿರುತ್ತದಂತೆ. ಆ ದ್ವೀಪ ಐಸ್‌ಲೆಂಡ್ ಎಂಬುದು ಸಾಮಾನ್ಯ ಒಪ್ಪಿಗೆ. ಇಂಥ ಹೇನಿನ ಸಾಕ್ಷಿಯನ್ನು ನಾನು ಯಾವ ದೇವದೂತನ ಸಾಕ್ಷಿಗಿಂತಲೂ ಹೆಚ್ಚು ನಂಬುತ್ತೇನೆ. ಇನ್ನೊಂದು ದ್ವೀಪಸಮೂಹದ ಬಗ್ಗೆ ಅವನು ಹೇಳುತ್ತಾನೆ: ನೂರು ವರ್ಷ ನಮ್ಮ ತಪಸ್ವಿಗಳು ಅಲ್ಲಿದ್ದರು, ಈಗ ಉತ್ತರದ ಕಡಲುಗಳ್ಳರ ಕಾಟದಿಂದ ಖಾಲಿಯಾಗಿದೆ, ಲೆಕ್ಕವಿಲ್ಲದಷ್ಟು ಕುರಿಗಳಿವೆ. ಇದು ಫೆರೋ ದ್ವೀಪಗಳಿರಬೇಕು.

ಅಮೆರಿಕ ಮಾತ್ರ ಬೇರೆ ಮಾತು. 1976ರ ಮೇ ತಿಂಗಳಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿ, ಹಳೆಯ ಪಠ್ಯದಲ್ಲಿ ಹೇಳಿದಂತೆ ಓಕ್ ತೊಗಟೆಯಲ್ಲಿ ಹದಮಾಡಿದ 49 ಎತ್ತಿನ ಚರ್ಮಗಳನ್ನು ಮರದ ಚೌಕಟ್ಟಿಗೆ ಹೊಲಿದು 36 ಅಡಿ ಉದ್ದದ ದೋಣಿ ಕಟ್ಟಿಸಿ, ಉಣ್ಣೆಯ ಜಿಡ್ಡು ಬಳಿದು, ಕೆರ್ರಿಯ ದಡದಿಂದ ಹೊರಟ. ಚಳಿಗಾಲಕ್ಕೆ ಐಸ್‌ಲೆಂಡಿನಲ್ಲಿ ನಿಂತು, 1977ರ ಜೂನ್ ಕೊನೆಗೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಮುಟ್ಟಿದ. ದಾರಿಯಲ್ಲಿ ನೀರ್ಗಲ್ಲು ಚರ್ಮವನ್ನು ಸೀಳಿದಾಗ ಚರ್ಮದ ತೇಪೆಯನ್ನೇ ಹೊಲಿದರು. ಇದರಿಂದ ಸಿದ್ಧವಾದದ್ದು ಅಂಥ ದೋಣಿಯಲ್ಲಿ ಹೋಗಬಹುದು ಎಂಬುದಷ್ಟೆ. ಬ್ರೆಂಡನ್ ಹೋಗಿದ್ದ ಎನ್ನಲು ಅಮೆರಿಕದ ನೆಲದಲ್ಲಿ ಒಂದು ಮೊಳೆಯೂ ಸಿಕ್ಕಿಲ್ಲ. ಕೊಲಂಬಸ್‌ಗಿಂತ ಮೊದಲು ಯುರೋಪಿನಿಂದ ಹೋದವರ ಗುರುತು ಅದೇ ನ್ಯೂಫೌಂಡ್‌ಲ್ಯಾಂಡಿನ ಲಾನ್ಸ್ ಓ ಮೆಡೋಸ್‌ನಲ್ಲಿ ಸಿಕ್ಕಿದೆ, ಆದರೆ ಅದು ನಾರ್ಸ್ ಜನರದ್ದು, ಅಂದರೆ ವೈಕಿಂಗರದ್ದು. ಮಗಳು ತರಗತಿಯಲ್ಲಿ “ಹೋಗಿರಬಹುದು, ಹೋಗಿದ್ದಕ್ಕೆ ಪುರಾವೆ ಇಲ್ಲ” ಎಂದರೆ ಸಾಕು. ಎಂಟು ವರ್ಷಕ್ಕೆ ಈ ಎರಡರ ನಡುವಿನ ವ್ಯತ್ಯಾಸ ತಿಳಿದರೆ ಅವಳು ನಮ್ಮ ಅನೇಕ ಪ್ರಾಧ್ಯಾಪಕರನ್ನು ದಾಟಿದಂತೆ.

ವಾಟ್ಸಾಪ್ ಸಂದೇಶ. ಇದನ್ನು ತಳ್ಳಿಹಾಕುವಂತಿಲ್ಲ, ಯಾಕೆಂದರೆ ಹೋಲಿಕೆ ಇದೆ. ಭಾಗವತದ 9ನೇ ಸ್ಕಂಧದಲ್ಲಿ ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಗಂಧರ್ವರ ಹಾಡು ಮುಗಿಯಲಿ ಎಂದು ಒಂದು ಗಳಿಗೆ ಕಾಯುತ್ತಾನೆ. ವಿಷಯ ಹೇಳಿದರೆ ಬ್ರಹ್ಮ ನಗುತ್ತಾನೆ: ನೀನು ಮನಸ್ಸಿನಲ್ಲಿಟ್ಟುಕೊಂಡ ವರರು, ಅವರ ಮಕ್ಕಳು, ಮೊಮ್ಮಕ್ಕಳು, ಯಾರೂ ಈಗಿಲ್ಲ, 27 ಚತುರ್ಯುಗ ಕಳೆಯಿತು. ಸಂಗೀತ, ಕಳೆದುಹೋದ ಕಾಲ, ಗುರುತು ಸಿಗದ ಊರು, ಎಲ್ಲ ಇದೆ. ಇನ್ನೊಂದು ಸಂಗತಿಯನ್ನು ನಾನೇ ಎತ್ತಿಕೊಡುತ್ತೇನೆ, ನಿಮ್ಮ ಗುಂಪಿಗೆ ಮಾತ್ರ ಕಳಿಸಬೇಡಿ: ಆ 27 ಅನ್ನು ಮೂಲ ಶ್ಲೋಕ ‘ತ್ರಿಣವ’ ಎನ್ನುತ್ತದೆ, ಮೂರು ಒಂಬತ್ತು. ಬ್ರನ್ ಕರೆದುಕೊಂಡು ಹೊರಟದ್ದೂ ಮೂರು ಒಂಬತ್ತು ಜನ!

ಇಷ್ಟಾದರೂ ನಕಲು ಎನ್ನಲಾರೆ. ಐರಿಷ್ ಮತ್ತು ಸಂಸ್ಕೃತ ಒಂದೇ ಭಾಷಾ ಕುಟುಂಬದವು ಎಂಬುದು ಸತ್ಯ. (ನಮ್ಮ ಕನ್ನಡ ಆ ಕುಟುಂಬದ್ದಲ್ಲ, ಸಂದೇಶ ಬರೆದವರು ಅದನ್ನೂ ಮರೆತಂತಿದೆ.) ಆದರೆ ಇದೇ ಕಥೆ ಜಪಾನಿನಲ್ಲೂ ಇದೆ. ಉರಾಶಿಮಾ ಎಂಬ ಬೆಸ್ತ ಕಡಲಾಚೆಯ ದೇವಕನ್ಯೆಯ ನಾಡಿಗೆ ಹೋಗಿ ಮೂರು ವರ್ಷ ಇದ್ದು ಮರಳಿದರೆ ಮುನ್ನೂರು ವರ್ಷ ಕಳೆದಿರುತ್ತದೆ. ತೆರೆಯಬೇಡ ಎಂದು ಕೊಟ್ಟ ಪೆಟ್ಟಿಗೆಯನ್ನು ತೆರೆಯುತ್ತಾನೆ, ಅಷ್ಟೂ ವರ್ಷ ಮೈಮೇಲೆ ಬರುತ್ತದೆ. ಇದು 8ನೇ ಶತಮಾನದ ಜಪಾನೀ ಬರಹಗಳಲ್ಲೇ ಸಿಗುತ್ತದೆ. ಜಪಾನೀ ಭಾಷೆಗೂ ಐರಿಷ್‌ಗೂ ನೆಂಟಸ್ತಿಕೆಯಿಲ್ಲ. ಹಾಗಿದ್ದಮೇಲೆ ಹೋಲಿಕೆಗೆ ನಕಲೇ ಕಾರಣವಾಗಬೇಕಿಲ್ಲ. ದೂರ ಹೋಗಿ ಬಹಳ ದಿನದ ಮೇಲೆ ಮರಳಿದವನಿಗೆ ಊರು ಅಪರಿಚಿತವಾಗುವುದು ಎಲ್ಲ ನಾಡಿನಲ್ಲೂ ನಡೆಯುತ್ತದೆ. ಕಡಲ ದಾರಿ ಇರುವಲ್ಲಿ ಹೆಚ್ಚು ನಡೆಯುತ್ತದೆ.

ಹೋಲಿಕೆಗಿಂತ ವ್ಯತ್ಯಾಸದಲ್ಲಿ ನಿಮಗೆ ಉಪಯೋಗವಿದೆ. ಕಕುದ್ಮಿ ಬೂದಿಯಾಗುವುದಿಲ್ಲ. ಬಂಧುಗಳು ಬಿಟ್ಟುಹೋದ ಊರಿಗೆ ಮರಳುತ್ತಾನೆ, ಮಗಳನ್ನು ಬಲರಾಮನಿಗೆ ಕೊಡುತ್ತಾನೆ, ತಪಸ್ಸಿಗೆ ಬದರಿಗೆ ಹೊರಡುತ್ತಾನೆ. ನಮ್ಮ ಪುರಾಣಕ್ಕೆ ಕಾಲ ಎಷ್ಟು ಕಳೆದರೂ ಗಾಬರಿಯಿಲ್ಲ, ಯುಗಗಳ ಲೆಕ್ಕದಲ್ಲಿ ಬದುಕುವವರು ನಾವು. ಐರಿಷ್ ಕಥೆಯಲ್ಲಿ ಮರಳುವುದಕ್ಕೆ ಬೆಲೆ ತೆರಲೇಬೇಕು.

ಈಗ ಕೊನೆ ಬದಲಾಯಿಸುವ ಮಾತು. ಬೇಡ. ಒಂದು, ಅವಳು ಕಥೆಯನ್ನು ಹೊರಗೆ ಕೇಳಿಯಾಗಿದೆ. ನೀವು ಬೇರೆ ಕೊನೆ ಹೇಳಿದರೆ ಅಮ್ಮ ಏನೋ ಮುಚ್ಚಿಡುತ್ತಿದ್ದಾಳೆ ಎಂದು ಅವಳಿಗೆ ಗೊತ್ತಾಗುತ್ತದೆ, ಭಯ ಇಮ್ಮಡಿಯಾಗುತ್ತದೆ. ನಾನೇ ಒಮ್ಮೆ ಮೊಮ್ಮಗನಿಗೆ ಗೋವಿನ ಹಾಡಿನಲ್ಲಿ ಹುಲಿ ಸಾಯುವುದಿಲ್ಲ ಎಂದು ಹೇಳಿ ಸಿಕ್ಕಿಬಿದ್ದೆ. ಆಮೇಲೆ ಆರು ತಿಂಗಳು ನಾನು ಹೇಳಿದ ಪ್ರತಿ ಕಥೆಗೂ “ಇದು ನಿಜವಾದ ಕೊನೇನಾ?” ಎಂಬ ವಿಚಾರಣೆ ನಡೆಯಿತು. ಎರಡು, ಬೂದಿ ತೆಗೆದರೆ ಆ ಕಥೆಯಲ್ಲಿ ಉಳಿಯುವುದು ಬರೀ ಪ್ರವಾಸ.

ಕೊನೆ ಬದಲಾಯಿಸುವ ಬದಲು ಇನ್ನೊಂದು ಕಥೆ ಸೇರಿಸಿ. ಅದು ಮೈಲ್‌ಡೂನ್‌ನ ಯಾನ. ಅಪ್ಪನನ್ನು ಕೊಂದವರನ್ನು ಹುಡುಕಿ ಸೇಡು ತೀರಿಸಲು ಹೊರಟ ಹುಡುಗನ ಕಥೆ. ದೋಣಿಯಲ್ಲಿ 17 ಜನರೇ ಇರಬೇಕು ಎಂದು ಡ್ರೂಯಿಡ್ ಹೇಳಿರುತ್ತಾನೆ. ಕೊನೆಗಳಿಗೆಯಲ್ಲಿ ಮೂವರು ಸಾಕುತಮ್ಮಂದಿರು ನಮ್ಮನ್ನೂ ಕರೆದುಕೊಂಡು ಹೋಗು ಎಂದು ನೀರಿಗೆ ಧುಮುಕುತ್ತಾರೆ, ಮುಳುಗುತ್ತಾರೆಂದು ಹತ್ತಿಸಿಕೊಳ್ಳುತ್ತಾನೆ. ಲೆಕ್ಕ ತಪ್ಪಿತು. ಮೊದಲ ರಾತ್ರಿಯೇ ಒಂದು ದ್ವೀಪದಿಂದ ಕೊಲೆಗಾರ ತನ್ನ ಕೃತ್ಯ ಕೊಚ್ಚಿಕೊಳ್ಳುವುದು ಕೇಳಿಸುತ್ತದೆ, ಇನ್ನೇನು ದಡ ಸೇರಬೇಕು ಎನ್ನುವಾಗ ಬಿರುಗಾಳಿ ಎದ್ದು ದೋಣಿಯನ್ನು ಮಹಾಸಾಗರಕ್ಕೆ ಒಯ್ಯುತ್ತದೆ. ಆಮೇಲೆ ಮೂವತ್ತಕ್ಕೂ ಹೆಚ್ಚು ಅದ್ಭುತಗಳು. ಕುದುರೆಮರಿಯಷ್ಟು ದೊಡ್ಡ ಇರುವೆಗಳು. ಹಿತ್ತಾಳೆಯ ಬೇಲಿಯ ಒಂದು ಕಡೆ ಕರಿ ಕುರಿ, ಇನ್ನೊಂದು ಕಡೆ ಬಿಳಿ ಕುರಿ ಇರುವ ದ್ವೀಪ, ಆಚೆ ಎಸೆದ ಕುರಿ ಬಣ್ಣ ಬದಲಾಯಿಸುತ್ತದೆ. ತೊಗಟೆ ಸುಲಿದ ಕಡ್ಡಿಯೊಂದನ್ನು ಕರಿ ಕಡೆಗೆ ಎಸೆದು ನೋಡುತ್ತಾರೆ, ಅದೂ ಕಪ್ಪಾಗುತ್ತದೆ, ಇಳಿಯದೆ ಓಡುತ್ತಾರೆ. ಕಡಲಿನಿಂದ ಎದ್ದ ಬೆಳ್ಳಿಯ ಕಂಬದಿಂದ ಇಳಿಬಿದ್ದ ಬೆಳ್ಳಿಯ ಬಲೆ, ಅದರ ಒಂದು ಕಣ್ಣಿನೊಳಗೆ ಹಾಯಿ ಬಿಚ್ಚಿದ ದೋಣಿ ನುಸುಳುತ್ತದೆ. ಡಿಯೂರಾನ್ ಎಂಬವನು ಬಲೆಯ ಒಂದು ತುಂಡನ್ನು ಕತ್ತರಿಸಿಕೊಂಡು, ಮರಳಿದ ಮೇಲೆ ಐರ್ಲೆಂಡಿನ ಆರ್ಮಾ ಎಂಬ ಊರಿನ ಇಗರ್ಜಿಯ ಪೂಜಾಪೀಠದ ಮೇಲಿಡುತ್ತಾನೆ. ತೂಕ ಎರಡೂವರೆ ಔನ್ಸ್. ಮಾಯೆಯ ಬೆಳ್ಳಿಗೂ ತೂಕ ಬರೆದಿಟ್ಟ ಲಿಪಿಕಾರನನ್ನು ನೆನೆದರೆ ನನಗೆ ನಗು ಬರುತ್ತದೆ.

ಕೊನೆಯಲ್ಲಿ ಬಂಡೆಯ ಮೇಲಿನ ಮುದಿ ತಪಸ್ವಿಯೊಬ್ಬ ಹೇಳುತ್ತಾನೆ: ನೀನು ಊರು ಸೇರುತ್ತೀಯ, ಅಪ್ಪನ ಕೊಲೆಗಾರ ಸಿಗುತ್ತಾನೆ, ಅವನನ್ನು ಕೊಲ್ಲಬೇಡ, ಇಷ್ಟು ಅಪಾಯಗಳಿಂದ ದೇವರು ನಿನ್ನನ್ನು ಉಳಿಸಿದ್ದಾನಲ್ಲ. ಐರ್ಲೆಂಡಿನ ಹಕ್ಕಿಯೊಂದರ ಜಾಡು ಹಿಡಿದು ಅವರು ಮೊದಲ ರಾತ್ರಿಯ ಅದೇ ದ್ವೀಪಕ್ಕೆ ಬರುತ್ತಾರೆ. ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಾರೆ. ಒಳಗೆ ಊಟದ ಹೊತ್ತು. ಮೈಲ್‌ಡೂನ್ ಈಗ ಬಂದರೆ ಏನು ಮಾಡೋಣ ಎಂದು ಒಬ್ಬ ಕೇಳುತ್ತಾನೆ. ಬಹಳ ಕಷ್ಟಪಟ್ಟವನು, ಬರಮಾಡಿಕೊಳ್ಳೋಣ ಎನ್ನುತ್ತಾನೆ ಇನ್ನೊಬ್ಬ. ಮೈಲ್‌ಡೂನ್ ಬಾಗಿಲು ಬಡಿಯುತ್ತಾನೆ.

ಇಲ್ಲಿ ಕಾಲ ಮೋಸ ಮಾಡಿಲ್ಲ. ಒಳಗಿದ್ದವರಿಗೆ ಅವನ ಹೆಸರು ನೆನಪಿದೆ, ಅವನಿಗಾಗಿ ಮಾತು ನಡೆದಿದೆ. ನಿಮ್ಮ ಮಗಳು ಕೇಳುತ್ತಿರುವುದು ಇದೇ ಬಾಗಿಲನ್ನು. ಆದರೆ ಎಚ್ಚರ: ಕಥೆಯ ಆರಂಭದಲ್ಲಿ ಹುಡುಗ ಹುಟ್ಟುವ ಪ್ರಸಂಗ ಹಿಂಸೆಯದ್ದು, ಅದನ್ನು ದೊಡ್ಡವಳಾದ ಮೇಲೆ ಓದಲಿ. ಸಾಕುತಮ್ಮಂದಿರು ಮೂವರೂ ಮರಳುವುದಿಲ್ಲ. ಒಬ್ಬನನ್ನು ಕಂಠೀಹಾರ ಕದ್ದದ್ದಕ್ಕೆ ಪುಟ್ಟ ಬೆಕ್ಕೊಂದು ಉರಿಯ ಬಾಣದಂತೆ ತೂರಿ ಬೂದಿ ಮಾಡುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಯೋಚಿಸಿ ಹೇಳಿ. ಬ್ರೆಂಡನ್ ಕಥೆ ಇದಕ್ಕಿಂತ ಸೌಮ್ಯ, ತಿಮಿಂಗಿಲ ಎಲ್ಲ ಮಕ್ಕಳಿಗೂ ಇಷ್ಟ. ಆದರೆ ಅದು ಭಕ್ತಿಯ ಪುಸ್ತಕ, ಸೇಡು ಸಿಟ್ಟು ಇಲ್ಲದ್ದರಿಂದ ನಡುವೆ ಮಕ್ಕಳು ಆಕಳಿಸುತ್ತಾರೆ. ಮೇಲಾಗಿ ಮನೆಯಲ್ಲಿ ಮತ್ತೆ ಅಮೆರಿಕದ ಜಗಳ ಏಳುತ್ತದೆ.

ಕೈಗೆ ಸಿಗುವ ವಸ್ತುವೂ ಸಹಾಯ ಮಾಡುತ್ತದೆ. ನಿಮ್ಮ ಮಗಳು ಹಂಪಿ, ಆನೆಗೊಂದಿಯಲ್ಲಿ ಹರಿಗೋಲು ಹತ್ತಿರಬೇಕು. ಈಗಿನವಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು. ಹಿಂದೆ ತೊಗಲು. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಡೊಮಿಂಗೊ ಪಾಯಸ್, ಇಲ್ಲಿ ಜನ ಬುಟ್ಟಿಯಂತೆ ದುಂಡಗಿನ, ಒಳಗೆ ಬೆತ್ತ, ಹೊರಗೆ ಚರ್ಮ ಇರುವ ದೋಣಿಗಳಲ್ಲಿ ಹೊಳೆ ದಾಟುತ್ತಾರೆ ಎಂದು ಬರೆದಿದ್ದಾನೆ. ಬ್ರನ್, ಬ್ರೆಂಡನ್ ಹೋದ ‘ಕುರಖ್’ ಎಂಬ ದೋಣಿಯೂ ಇದೇ ಉಪಾಯದ್ದು: ಹೆಣೆದ ಚೌಕಟ್ಟು, ಮೇಲೆ ಹದಮಾಡಿದ ತೊಗಲು. ಆಕಾರ ಮಾತ್ರ ಉದ್ದ, ಯಾಕೆಂದರೆ ಹರಿಗೋಲು ಅಲೆಯ ಮೇಲೆ ಗಿರಗಿಟ್ಟಲೆ ತಿರುಗುತ್ತದೆ. ಇವು ಒಂದರಿಂದ ಒಂದು ಹುಟ್ಟಿದವಲ್ಲ, ಮತ್ತೆ ವಾಟ್ಸಾಪ್‌ಗೆ ಹಾಕಬೇಡಿ. ಅರಾನ್ ದ್ವೀಪಗಳಲ್ಲಿ ಡಾಂಬರು ಬಳಿದ ಕ್ಯಾನ್ವಾಸಿನ ಕುರಖ್‌ಗಳು ಇಂದಿಗೂ ಇವೆ, ನಿಮಗೆ ಒಂದು ದಿನದ ಪ್ರಯಾಣ. ಸೆವೆರಿನ್‌ನ ದೋಣಿಯನ್ನು ಕ್ಲೇರ್‌ನ ಕ್ರಾಗನೋವೆನ್‌ನಲ್ಲಿ ಇಟ್ಟಿದ್ದಾರೆ, ತೆರೆದಿದೆಯೇ ಎಂದು ವಿಚಾರಿಸಿ ಹೋಗಿ.

ಅಜ್ಜಿಯ ವಿಷಯ ಅಜ್ಜಿಗೇ ಬಿಡಿ. ಭಾನುವಾರ ವಿಡಿಯೋ ಕರೆ ಮಾಡಿದಾಗ ರೇವತಿಯ ಕಥೆ ಹೇಳಿಸಿ. ಬಲರಾಮ ತನಗಿಂತ ಎಷ್ಟೋ ಎತ್ತರದ ಹಳೆಯ ಯುಗದ ಹುಡುಗಿಯನ್ನು ನೇಗಿಲಿನಿಂದ ಒತ್ತಿ ಗಿಡ್ಡ ಮಾಡಿಕೊಂಡ ಭಾಗವನ್ನು ಅಜ್ಜಿಯರು ಬಿಡುವುದಿಲ್ಲ. ಪ್ರತಿಯಾಗಿ ಮೊಮ್ಮಗಳು ಬೆಳ್ಳಿಯ ಬಲೆಯ ಕಥೆ ಹೇಳಲಿ. ಗುರುತು ಹಿಡಿಯುತ್ತಾರೋ ಇಲ್ಲವೋ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ. ಹೊತ್ತಿನ ಲೆಕ್ಕ ಮಾತ್ರ ನೋಡಿಕೊಳ್ಳಿ: ಬೇಸಿಗೆಯಲ್ಲಿ ಗಾಲ್ವೇಗೂ ಹೊಸಪೇಟೆಗೂ ನಾಲ್ಕೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಐದೂವರೆ. ನಿಮ್ಮಲ್ಲಿ ಸಂಜೆ ಐದಾದರೆ ಅಜ್ಜಿಗೆ ಮಲಗುವ ಹೊತ್ತು.